ಊದು

ಕ್ಯಾಸೆಟ್ ಹಾಕೂಕಿಂತ ಮೊದಲ ಊದಬೇಕು.
ಇದು ಎಲ್ಲಾ ಊರಾಗೂ ಇತ್ತಂತ.
ಆದ್ರ ನಮ್ಮ ವಾಡಿಯೊಳಗ ಊದೂದಂದ್ರ
ಬ್ಯಾರೆ ಮಾತು:
ಊದಿದ್ರ ಬಾಯಾಗ ಫ್ಯಾಕ್ಟರಿ ಬರ್ತಿತ್ತು.

ಒಣಹಾಕಿದ ಅರಿವಿ, ಮುಚ್ಚಿಟ್ಟ ಅನ್ನ,
ಕಟ್ಟಿಗಿ ಕುಂತ ಅಜ್ಜನ ಹುಬ್ಬು,
ಎಲ್ಲಾದರ ಮ್ಯಾಲೂ ಅದೇ ಬೂದಿ ಬಣ್ಣ.
ನಮ್ಮವ್ವ ದಿನಾ ಮೂರು ಸಲ ಕಸ ಹೊಡದು
ಮೂರು ಸಲ ಸೋಲ್ತಿದ್ದಳು.

ಜಿಲಾನಿ ಮಾಮಾನ ಟೀವಿ ರಿಪೇರಿ ಅಂಗಡಿ
ಸ್ಟೇಷನ್ನಿನ ಮಗ್ಗಲಿಗೆ. ಶಹಾಬಾದಿ ಫರ್ಸಿ ನೆಲ,
ಮೇ ತಿಂಗಳಾಗೂ ತಣ್ಣಗ.
ನಾ ಹೋಗಿದ್ದು ಅಪ್ಪನ ರೇಡಿಯೋ ತರಲಿಕ್ಕೆ.
ಹುಡುಗೇರು ಬರಬಾರ್ದಂತ ಯಾರೂ ಅಂದಿರಲಿಲ್ಲ,
ಬರ್ತಿರಲಿಲ್ಲ, ಅಷ್ಟ.
ರೇಡಿಯೋ ಇನ್ನೂ ಹೊಟ್ಟಿ ಬಿಚ್ಚಿ ಮಲಗಿತ್ತು.
"ಕೂಡು ಬೇಟಿ, ಹತ್ ನಿಮಿಷ" ಅಂದ,
ಕೆಂಪು ಗುಂಡಿಯ ಹಿಡಿಕಿ ಕೈಯಾಗಿಟ್ಟ.
ಹತ್ತು ನಿಮಿಷಕ್ಕ ಎಂಟಾಣೆ ರೇಟು,
ಆವತ್ತೊಂದಿನ ಪುಕ್ಕಟೆ.
ಆಮ್ಯಾಲ ನನ್ನ ಎಂಟಾಣೆ ಎಲ್ಲಾ
ಆ ಫರ್ಸಿ ಮ್ಯಾಲೇ ಕರಗಿದವು.

ಹಳದಿ ಕ್ಯಾಸೆಟ್ಟು. ಅದರ ಮ್ಯಾಲ
ಒಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಆಟ ಅಂತ ಬರದಿತ್ತು.
ಮಲ್ಕಪ್ಪ ಎಣಿಸಿದ,
ಎರಡು ದಿನ, ಗಣಿತದ ನೋಟುಬುಕ್ಕಿನ್ಯಾಗ ಗೆರಿ ಎಳದು.
ಏಳು.
ಏಳೇ ಆಟ, ಹೆಸರು ಬದಲಿ ಮಾಡ್ಕೊಂಡು
ಮತ್ತ ಮತ್ತ ಬರ್ತಿದ್ದವು, ಗೂಡ್ಸ್ ಗಾಡಿ ಡಬ್ಬಿ ಹಂಗ.
ಮೋಸ ಅಂತ ಸಿಟ್ಟಿಗೇಳಲಿಲ್ಲ ನಾವು.
ಏಳಾದ್ರೂ ಮುಗಿಸಿದವರು ಯಾರು?

ನಮ್ಮದು ಟ್ಯಾಂಕಿನ ಆಟ.
ಇಟ್ಟಂಗಿ ಗ್ವಾಡಿ ಒಡಕೋತ ಹೋಗೂದು.
"ಸಾವಕಾಶ ಒಡಿ, ನಮ್ಮಪ್ಪ ತುಂಬಿದ ಸಿಮೆಂಟ್ ಅದ" ಅಂತಿದ್ದ ಮಲ್ಕಪ್ಪ.
ಅವರಪ್ಪ ಪ್ಯಾಕಿಂಗ್ ಹೌಸಿನ್ಯಾಗ ಚೀಲ ತುಂಬಾಂವ.
ಮುಂಬೈ ಮೇಲ್ ಬಂದ್ರ ನೆಲ ನಡುಗಿ
ಪರದಿ ಮ್ಯಾಲ ಒಂದೊಂದು ಟ್ಯಾಂಕು ಎರಡೆರಡು.
"ಎಡಗಡಿದು ಖರೆ, ಬಲಗಡಿದು ಸುಳ್ಳು!" ಅಂತ ಒದರ್ತಿದ್ದ.
ಒಮ್ಮೊಮ್ಮಿ ಸುಳ್ಳಿನ ಗುಂಡಿಗೂ ಸತ್ತೀವಿ.

ಒಂದಿನ ರಾತ್ರಿ ಅಂಗಡಿ ಮುಚ್ಚೂ ಹೊತ್ತಿಗೆ
ಮೂವತ್ತೊಂದನೇ ಪರದಿ.
ಅಲ್ಲೀ ತನಕ ಯಾರೂ ಹೋಗಿರಲಿಲ್ಲ, ಮಾಮಾ ಸುದ್ದಾ.
ಉಳಿಸಿ ಇಡಲಿಕ್ಕ ಆ ಡಬ್ಬಿಗಿ ನೆನಪೇ ಇಲ್ಲ.
ಮಾಮಾ ಆಟ ತಡದು ನಿಲ್ಲಿಸಿದ,
ಟೀವಿ ಆರಿಸಿದ, ಡಬ್ಬಿ ಆರಿಸಲಿಲ್ಲ.
ಬಿಸಿ ಆಗ್ತದಂತ ಟೇಬಲ್ ಫ್ಯಾನ್ ಅದರ ಕಡಿ ತಿರುವಿ
ಶಟರ್ ಎಳದ,
ಕೂಸಿನ್ನ ಮಲಗಿಸಿ ಬಂದವರ ಹಂಗ, ಸಪ್ಪಳ ಆಗದಂಗ.

ಮನ್ಯಾಗ ಎಲ್ಲಾರೂ ಮಲಗಿದ್ರು.
ನಾ ಮ್ಯಾಲಿನ ಫ್ಯಾನು ನೋಡ್ಕೋತ ಬಿದ್ದಿದ್ದೆ.
ಅದು ತಿರುಗೂ ತನಕ ನಮ್ಮ ಟ್ಯಾಂಕು ಜೀವಂತ.
ಮೂರು ಹೊಡದು ಹತ್ತು ನಿಮಿಷಕ್ಕ
ಅದರ ರೆಕ್ಕಿ ಒಂದೊಂದೇ ಕಾಣಲಿಕ್ಕ ಹತ್ತಿದವು.
ಅಪ್ಪ ನಿದ್ದಿಗಣ್ಣಾಗ ಅಂದ: "ಕರೆಂಟ್ ಹೋಗ್ಯಾದ."

ಮುಂಜಾನಿ ಪರದಿ ಮ್ಯಾಲ ಮೊದಲನೇ ಗ್ವಾಡಿ.
ಮಲ್ಕಪ್ಪ ಏನೂ ಅನ್ನಲಿಲ್ಲ.
ಎಂಟಾಣೆ ಇಟ್ಟ. ಊದಿದ.

ಈಗ ನಾ ಅದೇ ಸ್ಟೇಷನ್ನಿನ್ಯಾಗ ಸಿಗ್ನಲ್ ರಿಪೇರಿ ಮಾಡ್ತೀನಿ,
ಸ್ಕ್ರೂಡ್ರೈವರ್ ಸದಾ ಕಿಸೆದಾಗ.
ಹೋದ ತಿಂಗಳು ಮಾಮಾನ ಮಗ ಅಂಗಡಿ ಖಾಲಿ ಮಾಡಿದ,
ಗುಜರಿಯವನ ತಕ್ಕಡಿಯಿಂದ ನಾ ಕ್ಯಾಸೆಟ್ಟೊಂದು ಎತ್ಕೊಂಡೆ.
ಹಳದಿ ಹೋಗಿ ಹಲ್ಲಿನ ಬಣ್ಣ.
ಬಿಚ್ಚಿದೆ.

ತಾಮ್ರದ ಪಟ್ಟಿ ಮ್ಯಾಲ ಬೂದಿ ಹೊಪ್ಪಳಿ.
ಉಗುರಿನಿಂದ ಕೆರದೆ. ಏಳಲಿಲ್ಲ.
ಕಲ್ಲು.
ಸಿಮೆಂಟು ಗಟ್ಟಿ ಆಗಲಿಕ್ಕ ಏನು ಬೇಕು?
ಒಂದೀಟು ಹಸಿ.
ನಾವು ಕೊಟ್ಟಿದ್ವಿ, ಎಂಟಾಣೆಗೊಮ್ಮಿ,
ಚಹಾ ಕುಡದ ಬಾಯಿ, ಮಾವಿನಕಾಯಿ ತಿಂದ ಬಾಯಿ,
ಜ್ವರ ಬಂದ ಬಾಯಿ,
ಇಡೀ ಕ್ವಾರ್ಟರ್ಸಿನ ಹುಡುಗರ ಉಸಿರು ಸೇರಿ
ಒಂದು ಅಕ್ಕಿಕಾಳಿನಷ್ಟು ದಪ್ಪ.
ಧೂಳ ತೆಗೀಲಿಕತ್ತೀವಿ ಅನ್ಕೊಂಡಿದ್ವಿ.

ಮಲ್ಕಪ್ಪ ಸೇಡಂ ಕಡಿ ಟಿಪ್ಪರ್ ಹೊಡೀತಾನ.
ಫೋನ್ ಮಾಡಿ ಹೇಳ್ದೆ.
ಗಾಡಿ ಬಂದ್ ಮಾಡಿದ ಸಪ್ಪಳ ಕೇಳಿಸ್ತು.
"ಆವತ್ತು ರಾತ್ರಿ ನಾನೂ ಎಚ್ಚರಿದ್ದೆ" ಅಂದ.
ನಾ ಸುಮ್ಮನಿದ್ದೆ.
"ಮೂವತ್ತೊಂದನೇ ಪರದಿ" ಅಂದೆ ಕಡೀಕ.
"ಮೂವತ್ತೆರಡು" ಅಂದ.
ಇರಬಹುದು.
ಎಣಿಸೂ ಮಾತು ಬಂದ್ರ ಅಂವಂದೇ ಖರೆ ಇರ್ತಿತ್ತು.